ಡಾಕ್ಟರರನ್ನು ಕೇಳಲು ಸಂಕೋಚವೇಕೆ?

ಕೆಲವು ತಿಂಗಳ ಹಿಂದಿನ ಮಾತು. ಬೆಳಿಗ್ಗೆ ನಾನು ಚಿಕಿತ್ಸಾಲಯದ ಬಾಗಿಲು ತೆರೆಯುವಷ್ಟರಲ್ಲಿ, ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರನ್ನು ಮಗ ಆಟೋದಲ್ಲಿ ಕರೆತಂದರು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ರಕ್ತದ ಸಕ್ಕರೆ 42ಕ್ಕೆ ಇಳಿದಿತ್ತು. ಸಕ್ಕರೆ ಕಾಯಿಲೆಯವರಲ್ಲಿ ಅದು 70ಕ್ಕಿಂತ ಕೆಳಗಿಳಿದರೇ ಎಚ್ಚರ ವಹಿಸಬೇಕು. ಗ್ಲೂಕೋಸ್ ಕೊಟ್ಟ ಮೇಲೆ ಚೇತರಿಸಿಕೊಂಡರು.

ಅವರ ಔಷಧದ ಚೀಲ ಸುರಿದಾಗ ಕಾರಣ ಸಿಕ್ಕಿತು. ಬೇರೆ ಬೇರೆ ಹೆಸರಿನ ಎರಡು ಮಾತ್ರೆಗಳು. ಎರಡರೊಳಗೂ ಇದ್ದದ್ದು ಗ್ಲಿಮೆಪಿರೈಡ್ ಎಂಬ ಒಂದೇ ಔಷಧ! ಒಂದನ್ನು ಬರೆದವನು ನಾನು. ಇನ್ನೊಂದನ್ನು, ಅವರು ಮಗಳ ಊರಿಗೆ ಹೋಗಿದ್ದಾಗ ಬೇರೆ ವೈದ್ಯರು ಬರೆದಿದ್ದರು. ಈ ಔಷಧದ ಪ್ರಭಾವ ಬಹಳ ಹೊತ್ತು ಇರುವುದರಿಂದ ಒಂದು ದಿನ ಆಸ್ಪತ್ರೆಯಲ್ಲಿರಿಸಬೇಕಾಯಿತು.

"ಮೊದಲಿನ ಮಾತ್ರೆ ಬಿಡಬೇಕೇ ಎಂದು ಅಲ್ಲಿ ಕೇಳಲಿಲ್ಲವೇ?" ಎಂದೆ.

"ತುಂಬಾ ಜನ ಕಾಯ್ತಾ ಇದ್ರು ಸಾರ್. ಕೇಳಿದ್ರೆ ಡಾಕ್ಟ್ರು ಏನಂದ್ಕೋತಾರೋ ಅಂತ ಸುಮ್ಮನಾದೆ" ಎಂದರು.

ತಪ್ಪು ಅವರೊಬ್ಬರದೇ ಅಲ್ಲ. ಬೇರೆ ಕಡೆ ತೋರಿಸಿದರೆ ನನ್ನ ಚೀಟಿಯನ್ನೂ ಒಯ್ಯಿರಿ ಎಂದು ನಾನೂ ಹೇಳಿರಲಿಲ್ಲ. 'ವೈದ್ಯೋ ನಾರಾಯಣೋ ಹರಿಃ' ಎನ್ನುತ್ತೇವೆ. ಆದರೆ ನೀವು ಹೇಳದ ಹೊರತು ನಿಮ್ಮ ಚೀಲದಲ್ಲಿರುವ ಮಾತ್ರೆ ಯಾವುದೆಂದು ಯಾವ ವೈದ್ಯನಿಗೂ ತಿಳಿಯುವುದಿಲ್ಲ.

ಹೋಗುವ ಮುನ್ನ

ಹಳೆಯ ಚೀಟಿಗಳು, ರಕ್ತ ಪರೀಕ್ಷೆಯ ವರದಿಗಳು, ಎಕ್ಸ್‌ರೇಗಳನ್ನು ದಿನಾಂಕದ ಪ್ರಕಾರ ಒಂದು ಫೈಲಿನಲ್ಲಿಡಿ. ಈಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಯ್ಯಿರಿ. ಆಯುರ್ವೇದ, ಹೋಮಿಯೋಪತಿ ಔಷಧಗಳನ್ನೂ ಮುಚ್ಚಿಡಬೇಡಿ. ಪೆನಿಸಿಲಿನ್, ಸಲ್ಫಾ ಮುಂತಾದ ಯಾವುದಾದರೂ ಔಷಧ ಮೈಗೆ ಒಗ್ಗದಿದ್ದರೆ ಫೈಲಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದಿಡಿ. ಹೆಚ್ಚು ಕಾಡುತ್ತಿರುವ ತೊಂದರೆಯನ್ನು ಮೊದಲು ಹೇಳಿ. ಎದ್ದು ಹೊರಡುವಾಗ "ಅಂದ ಹಾಗೆ ಡಾಕ್ಟ್ರೇ, ಎದೆ ನೋವೂ ಇದೆ" ಎನ್ನುವವರು ಎಷ್ಟೋ ಮಂದಿ!

ಕೇಳಬೇಕಾದ ಪ್ರಶ್ನೆಗಳು

ನನಗಿರುವ ಕಾಯಿಲೆ ಯಾವುದು? ಈ ಮಾತ್ರೆ ಯಾವುದಕ್ಕೆ, ಎಷ್ಟು ದಿನ? ಹಳೆಯ ಮಾತ್ರೆಗಳಲ್ಲಿ ಯಾವುದನ್ನು ಬಿಡಬೇಕು? ಈ ಪರೀಕ್ಷೆಯಿಂದ ಚಿಕಿತ್ಸೆ ಬದಲಾಗುತ್ತದೆಯೇ? ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು? ಇಷ್ಟು ಕೇಳಿದರೆ ಸಾಕು. ಅರ್ಥವಾದದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. ತಪ್ಪಿದ್ದರೆ ಅಲ್ಲೇ ತಿದ್ದಿಕೊಳ್ಳಬಹುದು. ವಯಸ್ಸಾದವರ ಜೊತೆ ಮನೆಯವರೊಬ್ಬರು ಇರಲಿ. ತುರ್ತಿಲ್ಲದ ಆಪರೇಷನ್ನಿಗೆ ಮುನ್ನ ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದು ಮೊದಲಿನವರಿಗೆ ಮಾಡಿದ ಅವಮಾನವಲ್ಲ.

ನಿಮ್ಮ ಹಕ್ಕುಗಳು

ಒಪ್ಪಿಗೆ ಪತ್ರವನ್ನು ಓದದೆ, ಓದಿಸಿಕೊಳ್ಳದೆ ಸಹಿ ಹಾಕಬೇಡಿ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೂ ಒಪ್ಪಿಗೆಯಾಗುವುದಿಲ್ಲ, ಜೀವಕ್ಕೆ ಅಪಾಯವಿರುವ ಸಂದರ್ಭ ಮಾತ್ರ ಇದಕ್ಕೆ ಹೊರತು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಿಮ್ಮ ಚಿಕಿತ್ಸೆಯ ದಾಖಲೆಗಳನ್ನು ಬರಹದಲ್ಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು; ಒಳರೋಗಿಯ ದಾಖಲೆಗಳನ್ನು 3 ವರ್ಷ ಇಟ್ಟಿರಬೇಕು. ಇದು ವೈದ್ಯರಿಗಾಗಿ 2002ರಲ್ಲಿ ಬಂದ ನೀತಿ ನಿಯಮ. ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ಡಿಸ್ಚಾರ್ಜ್ ಸಾರಾಂಶವನ್ನು ಮರೆಯದೆ ಪಡೆಯಿರಿ.

ಅಸಮಾಧಾನವಾದರೆ ಮೊದಲು ಆ ವೈದ್ಯರೊಡನೆಯೇ ಮಾತನಾಡಿ. ಬಹುಪಾಲು ಜಗಳಗಳ ಮೂಲ ಅರ್ಧಂಬರ್ಧ ಮಾತು. ಅಲ್ಲಿ ಬಗೆಹರಿಯದಿದ್ದರೆ ಆಸ್ಪತ್ರೆಯ ಆಡಳಿತಕ್ಕೆ ಲಿಖಿತ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಆಮೇಲೆ ರಾಜ್ಯ ವೈದ್ಯಕೀಯ ಪರಿಷತ್ತಿದೆ. ಹಣ ಪಡೆದು ನೀಡುವ ಚಿಕಿತ್ಸೆ ಗ್ರಾಹಕ ಸಂರಕ್ಷಣಾ ಕಾಯಿದೆಗೆ ಒಳಪಡುತ್ತದೆಂದು 1995ರಲ್ಲೇ ತೀರ್ಪಾಗಿರುವುದರಿಂದ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ನೀಡುವ ಕಡೆ ಮಾತ್ರ ಇದು ಅನ್ವಯಿಸದು.

ಆ ಹಿರಿಯರು ಈಗ ಬರುವಾಗ ಕಂಕುಳಲ್ಲಿ ಒಂದು ಫೈಲು, ಜೇಬಿನಲ್ಲಿ ಪ್ರಶ್ನೆ ಬರೆದ ಚೀಟಿ ಇರುತ್ತದೆ. ನನಗೆ ಐದು ನಿಮಿಷ ಹೆಚ್ಚು ಹಿಡಿಯುತ್ತದೆ, ನಿಜ. ಆ ಬೆಳಗಿನ ಆತಂಕವನ್ನು ನೆನೆದರೆ ಐದು ನಿಮಿಷ ಏನೇನೂ ಅಲ್ಲ. ಮುಂದಿನ ಸಲ ಹೋಗುವಾಗ ನೀವೂ ಒಂದು ಚೀಟಿ ಬರೆದುಕೊಂಡು ಹೋಗಿ.