ಹೆಲಿಕಾಪ್ಟರಿಗೆ ಕ್ಯಾಮೆರಾ ಕಟ್ಟೋದು ಹೇಗೆ? ಗಟ್ಟಿಯಾಗಿ ಬಿಗಿದ್ರೆ ವಿಡಿಯೋ ಕೆಟ್ಟಂತೆ!

ಬೈಕ್ ಹ್ಯಾಂಡಲ್‌ಗೆ ಮೊಬೈಲ್ ಸಿಕ್ಕಿಸಿ ವಿಡಿಯೋ ಮಾಡಿದ್ದೀರಾ? ಆಮೇಲೆ ನೋಡಿದ್ರೆ ರಸ್ತೆ, ಲೈಟ್ ಕಂಬ ಎಲ್ಲಾ ಜೆಲ್ಲಿ ಥರ ಕುಣೀತಿರುತ್ತೆ. ದೊಡ್ಡ ಬೈಕ್‌ಗಳ ಎಂಜಿನ್ ನಡುಕ ಫೋನಿನ ಕ್ಯಾಮೆರಾವನ್ನೇ ಕೆಡಿಸಬಹುದು ಅಂತ 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿತ್ತು. ಈಗ ಒಂದು ಕ್ಯಾಮೆರಾವನ್ನು ರಿಮೋಟ್ ಕಂಟ್ರೋಲ್ ಹೆಲಿಕಾಪ್ಟರಿಗೆ ಕಟ್ಟಿ ಮೇಲಕ್ಕೆ ಕಳಿಸಬೇಕು ಅಂದ್ಕೊಳ್ಳಿ. ಹೇಗೆ ಕಟ್ತೀರಿ?

ಸ್ಕ್ರೂ ಹಾಕಿ ಗಟ್ಟಿಯಾಗಿ ಬಿಗಿದುಬಿಡೋಣ ಅನ್ನಿಸುತ್ತೆ. ಎಡವೋದು ಅಲ್ಲೇ.

ಮೇಲಿನ ರೋಟರ್ ನಿಮಿಷಕ್ಕೆ 1,800 ಸುತ್ತು ತಿರುಗುತ್ತೆ ಅನ್ನಿ. ಅಂದ್ರೆ ಸೆಕೆಂಡಿಗೆ 30. ಎರಡು ಬ್ಲೇಡ್‌ಗಳಲ್ಲಿ ಒಂದು ಚೂರು ಭಾರ ಹೆಚ್ಚಿದ್ರೂ ಇಡೀ ಬಾಡಿ ಸೆಕೆಂಡಿಗೆ 30 ಸಲ ಅಲುಗುತ್ತೆ. ಮೊಬೈಲ್ ಕ್ಯಾಮೆರಾಗಳಂತೂ ಸಾಮಾನ್ಯವಾಗಿ ಇಡೀ ಚಿತ್ರವನ್ನು ಒಂದೇ ಸಲ ತೆಗೆಯಲ್ಲ, ಸಾಲು ಸಾಲಾಗಿ ಓದುತ್ತವೆ. ಮೇಲಿನ ಸಾಲಿಂದ ಕೆಳಗಿನ ಸಾಲಿಗೆ ಬರೋಷ್ಟರಲ್ಲಿ ಕ್ಯಾಮೆರಾ ಅಲುಗಿರುತ್ತೆ. ನೆಟ್ಟಗಿರೋ ಕಟ್ಟಡ ಸೊಟ್ಟಗೆ ಕಾಣೋದು ಇದಕ್ಕೇ.

ಹಾಗಾಗಿ ಹೆಲಿಕಾಪ್ಟರ್ ಮತ್ತು ಮೌಂಟ್ ನಡುವೆ ರಬ್ಬರ್ ಬುಷ್ ಇಡ್ತಾರೆ. ಆದ್ರೆ ಯಾವುದೋ ಒಂದು ರಬ್ಬರ್ ಆಗಲ್ಲ. ಜೋಕಾಲಿ ನೆನಪಿಸಿಕೊಳ್ಳಿ. ಅದರ ಲಯಕ್ಕೆ ಸರಿಯಾಗಿ ತಳ್ಳಿದ್ರೆ ತೂಗಾಟ ಜೋರಾಗುತ್ತೆ, ಅಲ್ವಾ? ರಬ್ಬರ್ ಮೇಲೆ ಕೂತ ಕ್ಯಾಮೆರಾಕ್ಕೂ ತನ್ನದೇ ಲಯ ಇರುತ್ತೆ. ಅದು ಸೆಕೆಂಡಿಗೆ 30ರ ಹತ್ತಿರ ಇದ್ರೆ ನಡುಕ ಕಮ್ಮಿ ಆಗೋ ಬದಲು ಹೆಚ್ಚಾಗುತ್ತೆ. ಮೆತ್ತನೆ ರಬ್ಬರ್ ಹಾಕಿ 10ಕ್ಕೆ ಇಳಿಸಿದ್ರೆ, ಕ್ಯಾಮೆರಾಕ್ಕೆ ತಲುಪೋದು ಸುಮಾರು ಎಂಟನೇ ಒಂದು ಪಾಲು ಮಾತ್ರ.

ಇನ್ನೂ ಒಂದು ವಿಷಯ. ಅದೇ ರಬ್ಬರ್ ಮೇಲೆ 400 ಗ್ರಾಂ ಬದಲು 100 ಗ್ರಾಂ ಭಾರ ಇಟ್ರೆ ಲಯ 10ರಿಂದ 20ಕ್ಕೆ ಏರುತ್ತೆ. ಆಗ ನಡುಕದ ಸುಮಾರು ಐದರಲ್ಲಿ ನಾಲ್ಕು ಪಾಲು ದಾಟಿಬಿಡುತ್ತೆ! ಅಂದ್ರೆ ಕ್ಯಾಮೆರಾ ಹಗುರ ಆದಷ್ಟೂ ರಬ್ಬರ್ ಮೆತ್ತಗಿರಬೇಕು.

ಮುಂದಿನದು ಬ್ಯಾಲೆನ್ಸ್. ಮೂತಿಯ ಕೆಳಗೆ ಕ್ಯಾಮೆರಾ ಕಟ್ಟಿದ್ರೆ ಮುಂಭಾಗ ಭಾರ ಆಗುತ್ತೆ. ಬ್ಯಾಟರಿ ಕನೆಕ್ಷನ್ ತೆಗೆದು, ಬ್ಲೇಡ್‌ಗಳನ್ನು ಬಾಡಿಗೆ ಅಡ್ಡಲಾಗಿ ತಿರುಗಿಸಿ, ರೋಟರ್ ಹೆಡ್ ಹಿಡಿದು ಎತ್ತಿ ನೋಡಿ. ಮೂತಿ ವಾಲಿದ್ರೆ ಬ್ಯಾಟರಿಯನ್ನು ಹಿಂದಕ್ಕೆ ಸರಿಸಿ.

ಹಾಗಾದ್ರೆ ಗಿಂಬಲ್ ಯಾಕೆ? ಹೆಲಿಕಾಪ್ಟರ್ ಮುಂದಕ್ಕೆ ಹೋಗೋಕೆ ಮುಂದಕ್ಕೆ ಬಾಗಲೇಬೇಕು. ಗಿಂಬಲ್‌ನ ಸೆನ್ಸರ್ ಆ ಬಾಗುವಿಕೆಯನ್ನು ಗುರುತಿಸುತ್ತೆ, ಮೋಟಾರ್ ಕ್ಯಾಮೆರಾವನ್ನು ಅಷ್ಟೇ ಉಲ್ಟಾ ತಿರುಗಿಸುತ್ತೆ. ನಿಧಾನದ ವಾಲಾಟ ಗಿಂಬಲ್ ಕೆಲಸ, ವೇಗದ ನಡುಕ ರಬ್ಬರ್ ಕೆಲಸ. ಬ್ಲೇಡ್ ಸರಿ ಮಾಡದೆ ದುಬಾರಿ ಗಿಂಬಲ್ ತಂದ್ರೆ ದುಡ್ಡು ದಂಡ.

ಕೊನೆಗೆ, ಜೀವದ ಪ್ರಶ್ನೆ. ಮೆತ್ತನೆ ರಬ್ಬರ್ ಹರಿಯಬಹುದು. 20 ಮೀಟರ್ ಎತ್ತರದಿಂದ ಬಿದ್ದ ಕ್ಯಾಮೆರಾ ನೆಲ ಮುಟ್ಟುವಾಗ ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿರುತ್ತೆ. ಅದಕ್ಕೇ ಮೌಂಟ್‌ನಿಂದ ಬಾಡಿಗೆ ಇನ್ನೊಂದು ಗಟ್ಟಿ ದಾರ ಕಟ್ಟಿ, ಅದು ರೋಟರಿಗೆ ಸಿಗದಷ್ಟು ಗಿಡ್ಡ ಇರಲಿ. ಜನರ ತಲೆ ಮೇಲೆ ಮಾತ್ರ ಹಾರಿಸಬೇಡಿ. ಒಳ್ಳೇ ಶಾಟ್ ನಾಳೆನೂ ಸಿಗುತ್ತೆ.