ಲಕೋಟೆಯೊಳಗೂ ವಿಳಾಸ ಯಾಕೆ?

ಪ್ರಶ್ನೆ: ಎಚ್‌ಟಿಟಿಪಿಎಸ್ ಇರುವಾಗ ವೆಬ್ ಸರ್ವೀಸ್‌ಗಳಿಗೆ ವಿಳಾಸ, ಭದ್ರತೆಗೆಂದು ಬೇರೆ ಮಾನದಂಡಗಳೇಕೆ?

ಉತ್ತರ: ಎಚ್‌ಟಿಟಿಪಿಎಸ್ ಕಾಯುವುದು ದಾರಿಯನ್ನಷ್ಟೇ. ಸಂದೇಶ ನಡುವಿನ ಸರ್ವರ್‌ನಲ್ಲಿ ಇಳಿದರೆ ಅಲ್ಲಿ ಬೀಗ ತೆರೆದಂತೆಯೇ. ಅದಕ್ಕೇ 2004ರಲ್ಲಿ ಮಾನದಂಡ ಸಂಸ್ಥೆ ಓಯಾಸಿಸ್ ಒಪ್ಪಿದ ಡಬ್ಲ್ಯುಎಸ್-ಸೆಕ್ಯುರಿಟಿ, ಸಹಿ ಮತ್ತು ಗೂಢಲಿಪಿಯನ್ನು ಎಕ್ಸ್‌ಎಂಎಲ್‌ನಲ್ಲಿ ಬರೆದ ಸೋಪ್ ಸಂದೇಶದೊಳಗೇ ಇಡುತ್ತದೆ. ಡಬ್ಲ್ಯುಎಸ್-ಅಡ್ರೆಸಿಂಗ್ (2006) ಸಂದೇಶದೊಳಗೇ ಅದರ ಗುರುತು, ಉತ್ತರ ಕಳಿಸಬೇಕಾದ ವಿಳಾಸ ಬರೆಯಲು ಜಾಗ ಕೊಡುತ್ತದೆ. ಹಾಗಾಗಿ ಉತ್ತರ ಗಂಟೆ ಬಿಟ್ಟು ಬೇರೆ ದಾರಿಯಲ್ಲಿ ಬಂದರೂ ಯಾವ ಪ್ರಶ್ನೆಯದೆಂದು ತಿಳಿಯುತ್ತದೆ.

ಇದೇ ಸಾಲಿನ ಮಾನದಂಡಗಳಲ್ಲಿ ನನಗಿಷ್ಟ, ಸಂದೇಶ ಕಳೆದುಹೋಗದಂತೆ ನೋಡಿಕೊಳ್ಳುವ ಡಬ್ಲ್ಯುಎಸ್-ರಿಲಯಬಲ್ ಮೆಸೇಜಿಂಗ್. ಸಂದೇಶಗಳಿಗೆ 1, 2, 3, 4 ಎಂದು ಅಂಕಿ. ‘1, 2, 4 ಸಿಕ್ಕಿತು’ ಎಂಬ ರಸೀದಿ ಬಂದರೆ ಕಳಿಸಿದವನು ಮೂರನೆಯದನ್ನು ಮತ್ತೆ ಕಳಿಸುತ್ತಾನೆ. ಒಂದೇ ಸಂದೇಶ ಎರಡು ಸಲ ಬಂದರೆ ಪಡೆದವನು ಅಂಕಿ ನೋಡಿ ಬಿಸಾಡಬಹುದು. ಎಕ್ಸ್‌ಎಂಎಲ್ ಹೊರೆ ಮಾತ್ರ ಈ ಮಾನದಂಡಗಳಲ್ಲಿ ವಿಪರೀತ. ಹೊಸಬರು ಹಗುರವಾದ ರೆಸ್ಟ್ ಶೈಲಿಯ ವೆಬ್ ಸರ್ವೀಸ್ ಕಡೆ ವಾಲಿದ್ದರಲ್ಲಿ ಆಶ್ಚರ್ಯವಿಲ್ಲ.