ಹೀರೋ ಬಿಡೋ ಹೊಗೆ... ಅದು ಹೊಗೆಯೇ ಅಲ್ಲ!

ಬೆಳ್ಳಿತೆರೆಗೂ ಹೊಗೆಗೂ ಹಳೇ ನಂಟು. ಖಳನಾಯಕ ಬಂದನೆಂದರೆ ಬಾಯಲ್ಲಿ ಪೈಪು. ಪತ್ತೇದಾರನೆಂದರೆ ತುಟಿಯಂಚಿನಲ್ಲಿ ಸಿಗರೇಟು. ಪ್ರೇಯಸಿ ಕೈಕೊಟ್ಟ ನಾಯಕನಿಗಂತೂ ಒಂದು ಪ್ಯಾಕು ಸಾಲದು! ಬೆಂಗಳೂರಿನ ಬಿ.ಟಿ.ಎಸ್. ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ಶಿವಾಜಿರಾವ್ ಎಂಬ ಕಂಡಕ್ಟರು ಮದರಾಸಿಗೆ ಹೋಗಿ ರಜನೀಕಾಂತ್ ಆದರು. ಸಿಗರೇಟನ್ನು ಗಾಳಿಯಲ್ಲಿ ಚಿಮ್ಮಿಸಿ ತುಟಿಯಲ್ಲಿ ಹಿಡಿದರು. ಊರೂರಿನ ಹುಡುಗರು ಕನ್ನಡಿ ಮುಂದೆ ನಿಂತು ಅದನ್ನೇ ಅಭ್ಯಾಸ ಮಾಡಿದರು. ನಮ್ಮ ಅಣ್ಣಾವ್ರ ಚಿತ್ರಗಳು ಸಿಗರೇಟಿನ ಹಂಗಿಲ್ಲದೆಯೇ ಸಿಳ್ಳೆ ಗಿಟ್ಟಿಸಿದವು, ಆ ಮಾತು ಬೇರೆ.

ಕಾಲ ಬದಲಾಯಿತು ನೋಡಿ. 2002ರಲ್ಲಿ ‘ಬಾಬಾ’ ಬಂದಾಗ ರಜನಿಯ ಬೀಡಿ ಭಂಗಿಗೆ ತಮಿಳುನಾಡಿನಲ್ಲಿ ಗದ್ದಲವೋ ಗದ್ದಲ. 2007ರ ‘ಶಿವಾಜಿ’ಯಲ್ಲಿ ಅದೇ ರಜನಿ ಚಿಮ್ಮಿಸಿದ್ದು ಚೂಯಿಂಗ್ ಗಮ್! 2011ರ ನವೆಂಬರ್ 14ರಿಂದ ಸೇದುವ ದೃಶ್ಯವಿರುವ ಚಿತ್ರಗಳಿಗೆ ಸರ್ಕಾರದ ಎಚ್ಚರಿಕೆ ಕಡ್ಡಾಯವಾಯಿತು. 2023ರ ಸೆಪ್ಟೆಂಬರ್ 1ರಿಂದ ಮೊಬೈಲಿನಲ್ಲಿ ನೋಡುವ ಓಟಿಟಿ ಚಿತ್ರಗಳಿಗೂ ಅದೇ ಕಟ್ಟಳೆ. ಸಿಗರೇಟು ಖಳನಾಯಕ ಅನ್ನೋದು ಇವತ್ತು ಗಾಂಧಿ ಕ್ಲಾಸಿನಲ್ಲಿ ಕೂತ ಹುಡುಗನಿಗೂ ಗೊತ್ತು.

ಆದರೆ ಸ್ವಾಮಿ, ಇಂಟರ್‌ವಲ್ ಆದಮೇಲೆ ಖಳನಾಯಕ ವೇಷ ಮರೆಸಿಕೊಂಡು ಬರೋದಿಲ್ಲವೇ? ಹಾಗೇ ಬಂದಿದೆ ಇ-ಸಿಗರೇಟು. ಹುಡುಗರ ಬಾಯಲ್ಲಿ ಅದರ ಹೆಸರು ‘ವೇಪ್’.

ಜಾನಿ ಡೆಪ್ ಕೈಯಲ್ಲಿ ಕಂಡದ್ದು

2010ರ ಹಾಲಿವುಡ್ ಚಿತ್ರ ‘ದಿ ಟೂರಿಸ್ಟ್’ ನೋಡಿದವರಿಗೆ ನೆನಪಿರಬಹುದು. ರೈಲಿನಲ್ಲಿ ಏಂಜಲೀನಾ ಜೋಲಿಯ ಎದುರಿಗೆ ಕೂತ ಜಾನಿ ಡೆಪ್ ಒಂದು ಸಿಗರೇಟು ಸೇದುತ್ತಾನೆ. ಬೆಂಕಿಯಿಲ್ಲ, ಬೂದಿಯಿಲ್ಲ. ಅದು ಬ್ಯಾಟರಿ ಸಿಗರೇಟು! ಅಂಥದೊಂದು ವಸ್ತು ಇದೆಯೆಂದು ಎಷ್ಟೋ ಪ್ರೇಕ್ಷಕರಿಗೆ ತಿಳಿದದ್ದೇ ಆ ದೃಶ್ಯದಿಂದ.

ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ ಎಂಬಾತ 1965ರಲ್ಲೇ ಹೊಗೆಯಿಲ್ಲದ ಸಿಗರೇಟಿಗೆ ಪೇಟೆಂಟ್ ಪಡೆದಿದ್ದ. ಅದು ಓಡಲಿಲ್ಲ. 2003ರಲ್ಲಿ ಚೀನಾದ ಔಷಧ ತಜ್ಞ ಹೊನ್ ಲಿಕ್ ಈಗಿನ ಮಾದರಿಯನ್ನು ರೂಪಿಸಿದ. ಆತ ಸ್ವತಃ ಸಿಗರೇಟಿನ ದಾಸ. ಚಟ ಬಿಡೋದಕ್ಕೆ ದಾರಿ ಹುಡುಕಲು ಹೊರಟಿದ್ದ. ಚಟ ಬಿಡಿಸಲು ಹುಟ್ಟಿದ ವಸ್ತು ಚಟವೇ ಇಲ್ಲದವರ ಕೈಗೆ ಬಂದದ್ದು ಈ ಕಥೆಯ ತಿರುವು!

‘ಬರೀ ಹಬೆ ಕಣೋ ಗುರೂ!’

ಚಿತ್ರಮಂದಿರದ ಮುಂದೆ ನಿಂತ ಗೆಳೆಯ ಹೇಳುತ್ತಾನೆ: “ಇದರಲ್ಲಿ ತಂಬಾಕೇ ಇಲ್ಲ ಕಣೋ ಗುರೂ, ಬರೀ ಹಬೆ. ಮಾವಿನಹಣ್ಣಿನ ವಾಸನೆ. ಒಂದ್ಸಲ ಎಳೆದು ನೋಡು.”

ಬರೀ ಹಬೆಯೇ? ಸಿನಿಮಾದವರನ್ನೇ ಕೇಳೋಣ. ಕನಸಿನ ಹಾಡಿನಲ್ಲಿ ನಾಯಕಿಯ ಪಾದದ ಬಳಿ ತೇಲುವ ಬಿಳಿ ಮೋಡ ಡ್ರೈ ಐಸಿನದ್ದು. ಕ್ಲಬ್ ಡ್ಯಾನ್ಸಿನಲ್ಲಿ ತುಂಬಿಕೊಳ್ಳುವ ಹೊಗೆ ಫಾಗ್ ಮೆಷಿನ್ನಿನದ್ದು. ಆ ಯಂತ್ರದಲ್ಲಿ ಗ್ಲೈಕಾಲ್ ಅಥವಾ ಗ್ಲಿಸರಿನ್ ಬೆರೆತ ದ್ರವವನ್ನು ಕಾಯಿಸುತ್ತಾರೆ, ಅದು ದಟ್ಟ ಮಂಜಾಗಿ ಹೊರಬರುತ್ತದೆ. ವೇಪ್ ಅಂದರೆ ಜೇಬಿನಲ್ಲಿ ಹಿಡಿಸುವ ಫಾಗ್ ಮೆಷಿನ್ನು! ಬ್ಯಾಟರಿ ಒಂದು, ಕಾಯುವ ತಂತಿಸುರುಳಿ ಒಂದು, ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಹಣ್ಣಿನ ಪರಿಮಳ. ಜೊತೆಗೆ ಸೆಟ್ಟಿನ ಯಂತ್ರದಲ್ಲಿ ಇಲ್ಲದ ಒಂದು ಪಾತ್ರ: ನಿಕೋಟಿನ್. ತಂಬಾಕಿನ ಎಲೆ ಇಲ್ಲದಿದ್ದರೂ ಜನರನ್ನು ತಂಬಾಕಿಗೆ ಕಟ್ಟಿಹಾಕುವ ಹಗ್ಗ ಅದೇ. ಇಷ್ಟು ಸಾಲದೆಂಬಂತೆ, ದ್ರವ ಕಾಯುವಾಗ ಫಾರ್ಮಾಲ್ಡಿಹೈಡ್‌ನಂಥ ವಿಷಗಳು ಹುಟ್ಟಬಹುದು. ಸುರುಳಿಯಿಂದ ನಿಕ್ಕಲ್, ಸೀಸದಂಥ ಲೋಹದ ಕಣಗಳೂ ಹಬೆಯಲ್ಲಿ ಸೇರಬಹುದು.

ಮೊದಲ ಬೀಡಿ ಎಳೆದವನು ಕೆಮ್ಮಿ ಕೆಮ್ಮಿ ಕಣ್ಣೀರು ಹಾಕುತ್ತಾನಲ್ಲ? ಆ ಕೆಮ್ಮೇ ನಮ್ಮ ದೇಹದ ಸೆನ್ಸಾರ್ ಮಂಡಳಿ. ಹೊಸ ವೇಪುಗಳಲ್ಲಿ ನಿಕೋಟಿನ್ನನ್ನು ಆಮ್ಲದೊಂದಿಗೆ ಸೇರಿಸಿ ಉಪ್ಪಿನ ರೂಪಕ್ಕೆ ತರುತ್ತಾರೆ. ಗಂಟಲು ಉರಿಯೋದಿಲ್ಲ, ಕೆಮ್ಮು ಬರೋದಿಲ್ಲ. ಒಂದು ಕಟ್ಟೂ ಇಲ್ಲದೆ ಪಿಚ್ಚರ್ ಪಾಸ್! ಎಳೆದ ಕೆಲವೇ ಸೆಕೆಂಡುಗಳಲ್ಲಿ ನಿಕೋಟಿನ್ ಮೆದುಳು ಮುಟ್ಟುತ್ತದೆ. ಅಮೆರಿಕದಲ್ಲಿ 2015ರಲ್ಲಿ ಬಂದ ‘ಜೂಲ್’ ನೋಡಲು ಪೆನ್ ಡ್ರೈವಿನಂತಿತ್ತು. ಅದರ ಶೇ. 5ರ ಒಂದೊಂದು ಕೊಳವೆಯಲ್ಲೂ ಹೆಚ್ಚುಕಡಿಮೆ 20 ಸಿಗರೇಟಿನ ಒಂದು ಪ್ಯಾಕಿನಷ್ಟು ನಿಕೋಟಿನ್ ಇದೆಯೆಂದು ಕಂಪನಿಯೇ ಹೇಳಿಕೊಂಡಿತ್ತು. ಶಾಲೆ ಕಾಲೇಜುಗಳಿಗೆ ಅದು ಎಷ್ಟು ನುಗ್ಗಿತೆಂದರೆ, 2018ರ ಡಿಸೆಂಬರಿನಲ್ಲಿ ಆ ದೇಶದ ಸರ್ಜನ್ ಜನರಲ್ ಅದನ್ನು ಸಾಂಕ್ರಾಮಿಕ ಪಿಡುಗೆಂದೇ ಸಾರಬೇಕಾಯಿತು.

ನೂರರಲ್ಲಿ ಮೂವರು!

ನಮ್ಮವರಿಗೆ ಇದೆಲ್ಲ ಎಷ್ಟು ಗೊತ್ತು? 2016-17ರಲ್ಲಿ ಭಾರತದಲ್ಲಿ ನಡೆದ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ 15 ವರ್ಷ ದಾಟಿದವರನ್ನು ಮನೆಮನೆಗೆ ಹೋಗಿ ಕೇಳಿದರು. ಇ-ಸಿಗರೇಟಿನ ಹೆಸರು ಕೇಳಿದ್ದವರು ನೂರಕ್ಕೆ ಮೂವರು ಮಾತ್ರ! ಅದೇ ಸಮೀಕ್ಷೆಯ ಪ್ರಕಾರ ತಂಬಾಕು ಬಳಸುವವರು ನೂರಕ್ಕೆ 28.6, ನಮ್ಮ ಕರ್ನಾಟಕದಲ್ಲಿ 22.8. ಬೀಡಿ, ಗುಟ್ಕಾ, ಹೊಗೆಸೊಪ್ಪು ಎಲ್ಲ ಬಲ್ಲ ಜನಕ್ಕೆ ಈ ಹೊಸಬನ ಮುಖಪರಿಚಯವೇ ಇರಲಿಲ್ಲ.

ಆಮೇಲೆ ಕಾಲ ಸರಿದಿದೆ. ಹೆಸರು ಹಬ್ಬಿದೆ, ಪೇಟೆ ಹುಡುಗರಿಗಂತೂ ಹೆಸರಷ್ಟೇ ಅಲ್ಲ, ರುಚಿಗಳ ಪಟ್ಟಿಯೂ ಬಾಯಿಪಾಠ. ಆದರೆ ಹೆಸರು ಗೊತ್ತಿದ್ದ ಮಾತ್ರಕ್ಕೆ ವಿಷಯ ಗೊತ್ತಾಯಿತೇ? ಅಪ್ಪನಿಗೆ ಮಗನ ಜೇಬಿನ ವಸ್ತು ಪೆನ್ನೋ ಪೆನ್ ಡ್ರೈವೋ ತಿಳಿಯದು. ಸಿಗರೇಟಾದರೆ ಬಾಯಿವಾಸನೆಯಾದರೂ ಚಾಡಿ ಹೇಳುತ್ತಿತ್ತು, ಇದು ಹಣ್ಣಿನ ಪರಿಮಳ ಬೀರಿ ಸುಮ್ಮನಾಗುತ್ತದೆ. ಮಗನಿಗೆ ಅದರೊಳಗಿನ ನಿಕೋಟಿನ್ ತಿಳಿಯದು. ಒಬ್ಬನಿಗೆ ಮುಖ ಗೊತ್ತಿಲ್ಲ, ಇನ್ನೊಬ್ಬನಿಗೆ ಮನಸ್ಸು ಗೊತ್ತಿಲ್ಲ. ನಡುವೆ ಖಳನಾಯಕನಿಗೆ ಹಬ್ಬ!

ಕಾನೂನು ಏನನ್ನುತ್ತದೆ?

ಬಹಳ ಹುಡುಗರಿಗೆ ಗೊತ್ತಿಲ್ಲದ ಇನ್ನೊಂದು ಮಾತು: ಇದು ನಮ್ಮ ದೇಶದಲ್ಲಿ ನಿಷಿದ್ಧ ಮಾಲು. ಕರ್ನಾಟಕ 2016ರಲ್ಲೇ ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ತಂದಿತು, ಡಿಸೆಂಬರಿನಲ್ಲಿ ಅದು ಕಾಯಿದೆಯಾಯಿತು. ತಯಾರಿಕೆ, ಆಮದು, ಸಾಗಾಟ, ಮಾರಾಟ, ಜಾಹೀರಾತು ಎಲ್ಲಕ್ಕೂ ತಡೆ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕರೆ ಮೂರು ವರ್ಷ, 5 ಲಕ್ಷದವರೆಗೆ. ಮಾಲು ದಾಸ್ತಾನು ಇಟ್ಟರೂ ಆರು ತಿಂಗಳವರೆಗೆ ಜೈಲು ಅಥವಾ 50 ಸಾವಿರದವರೆಗೆ ದಂಡ. ನಾಲ್ಕು ಗೆಳೆಯರಿಗೆಂದು ತರಿಸಿ ಹಂಚಿ ಕಾಸು ಮಾಡುವ ಹೀರೋಗಳು ಇದನ್ನು ಎರಡು ಸಲ ಓದಿಕೊಳ್ಳಲಿ.

ಅಂಗಡಿಯಲ್ಲಿ ಮುಚ್ಚಿದ ಬಾಗಿಲು ತೆರೆಯ ಮೇಲೆ ತೆರೆಯಿತೇ ಎಂಬ ಪ್ರಶ್ನೆ 2025ರಲ್ಲಿ ಎದ್ದಿತು. ಆರ್ಯನ್ ಖಾನ್ ನಿರ್ದೇಶನದ ‘ಬ್ಯಾಡ್ಸ್ ಆಫ್ ಬಾಲಿವುಡ್’ ಸರಣಿಯಲ್ಲಿ ರಣಬೀರ್ ಕಪೂರ್ ಎಚ್ಚರಿಕೆಯ ಸಾಲಿಲ್ಲದೆ ವೇಪ್ ಎಳೆದರೆಂದು ದೂರು ಹೋಯಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕ್ರಮಕ್ಕೆ ಸೂಚಿಸಿತು. ನಿಮಿಷದ ದೃಶ್ಯಕ್ಕೆ ಇಷ್ಟು ಗದ್ದಲ ಯಾಕೆ ಅನ್ನುತ್ತೀರಾ? ಹೀರೋನ ಹೇರ್ ಸ್ಟೈಲು ಶುಕ್ರವಾರ ಬಿಡುಗಡೆಯಾದರೆ ಸೋಮವಾರ ಊರಿನ ಸಲೂನಿನಲ್ಲಿ ಇರುತ್ತದಲ್ಲ, ಅದಕ್ಕೇ!

ಇನ್ನೊಂದು ಮಗ್ಗುಲು

ನ್ಯಾಯವಾಗಿ ಹೇಳಬೇಕೆಂದರೆ ಈ ವಸ್ತುವಿಗೆ ವಕೀಲರೂ ಇದ್ದಾರೆ. ಸುಡೋದಿಲ್ಲವಾದ್ದರಿಂದ ಇದರಲ್ಲಿ ಸಿಗರೇಟಿನ ಟಾರ್ ಇಲ್ಲ. ಹಾಗಾಗಿ ಬ್ರಿಟನ್ನಿನಲ್ಲಿ ಸಿಗರೇಟು ಬಿಡಲು ಒದ್ದಾಡುವವರಿಗೆ ವೈದ್ಯರು ಇದನ್ನು ಹೇಳುವುದುಂಟು. ಆದರೆ ಅದು ಸೇದುವವರಿಗೆ ಹೇಳಿದ ಮಾತು, ಸೇದದ ಹುಡುಗನಿಗೆ ಕೊಟ್ಟ ಪರವಾನಗಿಯಲ್ಲ. ಬಿಸಾಡುವ ವೇಪುಗಳ ಮಾರಾಟವನ್ನು ಅದೇ ಬ್ರಿಟನ್ 2025ರ ಜೂನ್ 1ರಿಂದ ನಿಲ್ಲಿಸಿತು.

ನಮ್ಮಲ್ಲಿ ಕಳ್ಳದಾರಿಯಲ್ಲಿ ಬರುವ ಮಾಲಿನೊಳಗೆ ಏನಿದೆಯೆಂದು ಪರೀಕ್ಷಿಸುವವರು ಯಾರು? ಅಮೆರಿಕದಲ್ಲಿ 2019ರಲ್ಲಿ ವೇಪ್ ಎಳೆದವರ ಶ್ವಾಸಕೋಶ ಇದ್ದಕ್ಕಿದ್ದಂತೆ ಕೆಟ್ಟಿತು. 2020ರ ಫೆಬ್ರುವರಿ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕ ರೋಗಿಗಳು 2,807, ಸತ್ತವರು 68. ಗಾಂಜಾದ ಸತ್ವ ಬೆರೆಸಿದ ಕಳ್ಳಮಾಲಿಗೆ ಸೇರಿಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯತ್ತ ತಜ್ಞರು ಬೆರಳು ತೋರಿದರು. ಎಳೆದವರಿಗೆ ಒಳಗೇನಿದೆಯೆಂಬ ಸುಳಿವೂ ಇರಲಿಲ್ಲ.

ಈಗಾಗಲೇ ಅಂಟಿಕೊಂಡಿದ್ದರೆ ನಾಚಿಕೆ ಬೇಡ. 1800-11-2356 ಸರ್ಕಾರದ ಉಚಿತ ದೂರವಾಣಿ, ತಂಬಾಕಿನ ಚಟ ಬಿಡಲು ಸಲಹೆ ಕೊಡುತ್ತಾರೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ.

ಮೆದುಳು ಬೆಳೆದು ಪಕ್ವವಾಗಲು ಸುಮಾರು 25 ವರ್ಷ ಬೇಕೆನ್ನುತ್ತಾರೆ ಬಲ್ಲವರು. ಅದಕ್ಕೆ ಮೊದಲು ಬಿದ್ದ ನಿಕೋಟಿನ್ ಗಂಟು ಬಿಗಿ. ಸೆಟ್ಟಿನಲ್ಲಿ ನಿರ್ದೇಶಕ ‘ಕಟ್’ ಎಂದೊಡನೆ ಫಾಗ್ ಮೆಷಿನ್ ನಿಲ್ಲುತ್ತದೆ, ಹೀರೋ ಮೇಕಪ್ ತೊಳೆದು ಮನೆಗೆ ಹೋಗುತ್ತಾನೆ. ನಿಮ್ಮ ಜೇಬಿನ ಯಂತ್ರಕ್ಕೆ ನಿರ್ದೇಶಕರು ಯಾರೂ ಇಲ್ಲ. ‘ಕಟ್’ ನೀವೇ ಹೇಳಬೇಕು. ಏನಂತೀರಿ?